ಕೇಳದೆ ಬಿಟ್ಟ ಒಂದು ಪ್ರಶ್ನೆ

ಹೊಸಬ ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಚೀಟಿ ತಿರುವುವುದನ್ನು ಅವಳು ಮೊದಲ ದಿನವೇ ಕಂಡಳು. ಒಂದು ಚೀಟಿಗೆ ಒಂದು ನೆಕ್ಕು, ಇನ್ನೊಂದು ಚೀಟಿಗೆ ಇನ್ನೊಂದು ನೆಕ್ಕು. ಅವೇ ಚೀಟಿಗಳು ಮಧ್ಯಾಹ್ನದ ಹೊತ್ತಿಗೆ ತನ್ನ ಮೇಜಿಗೆ ಬರುತ್ತವೆ ಎಂಬುದು ನೆನಪಾಗಿ ಅವಳು ಮೂಗು ಮುರಿದಳು.

"ಛೀ," ಎಂದಳು, ಅವನಿಗೆ ಕೇಳಿಸಲೆಂದೇ.

ಆ ಮಾತು ಆಫೀಸಿಗೆ ಹೊಸದೇನಲ್ಲ. ಚಹಾದಲ್ಲಿ ಬಿಸ್ಕತ್ತು ಅದ್ದಿ ಅದರ ಅರ್ಧ ಕಪ್ಪಿನ ತಳ ಸೇರಿದರೆ ಛೀ. ಯಾರಾದರೂ ಪೆನ್ನಿನ ಮುಚ್ಚಳ ಕಚ್ಚಿದರೆ ಛೀ. ಕನ್ನಡಕವನ್ನು ಶರ್ಟಿನ ತುದಿಯಲ್ಲಿ ಒರೆಸಿ, ಅದೇ ತುದಿಯಲ್ಲಿ ಮೂಗನ್ನೂ ಒರೆಸಿಕೊಂಡರೆ ಎರಡು ಛೀ. ಹಾಗಾಗಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಛೀ ಮೇಡಂ ಎನ್ನುತ್ತಿದ್ದರು. ಪುಟ ಜೋಡಿಸುವಾತನೊಬ್ಬ ಮಾತ್ರ ಮುಖದ ಮುಂದೆಯೇ ಹಾಗೆ ಕರೆಯುತ್ತಿದ್ದ. ಅವಳು ಅದಕ್ಕೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮೂವತ್ತೆರಡು ವರ್ಷ ಬದುಕಿ, ಕಣ್ಣು ತೆರೆದು ನೋಡುವ ಯಾರಿಗೇ ಆದರೂ ಮನುಷ್ಯಜಾತಿಯ ಮೇಲೆ ಅಷ್ಟು ಹೇಸಿಗೆ ಹುಟ್ಟದಿದ್ದರೆ ಅವರಿಗೇ ಏನೋ ತೊಂದರೆ ಇರಬೇಕು ಎಂಬುದು ಅವಳ ಖಚಿತ ಅಭಿಪ್ರಾಯ.

ಆಫೀಸು ಇದ್ದದ್ದು ಒಂದು ಕನ್ನಡಕದ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಇಂಗ್ಲಿಷಿನ ನುಡಿಗಟ್ಟುಗಳನ್ನು ಬರವಣಿಗೆಯಲ್ಲಿ ಸರಿಯಾಗಿ ಬಳಸುವುದು ಹೇಗೆಂದು ಹೇಳುವ ಒಂದು ದಪ್ಪ ಪುಸ್ತಕ ಅಲ್ಲಿ ತಯಾರಾಗುತ್ತಿತ್ತು. ಪ್ರತಿ ನುಡಿಗಟ್ಟಿಗೆ ಮೂರು ಉದಾಹರಣೆ, ಒಂದೊಂದು ಉದಾಹರಣೆಗೆ ಒಂದೊಂದು ಚೀಟಿ. ವಾಕ್ಯವನ್ನು ಕೂತಲ್ಲೇ ಹೊಸೆಯುವಂತಿರಲಿಲ್ಲ. ಎಲ್ಲೋ ಯಾರಿಗೋ ನಿಜವಾಗಿ ನಡೆದದ್ದೇ ಆಗಬೇಕು. ಎಲ್ಲಿ, ಯಾರಿಗೆ ಎಂಬುದನ್ನು ಬರೆಯುವವನು ತನ್ನ ಮೂಲದ ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಿದ್ದ. ತಿದ್ದುವವರು ಅದನ್ನು ನೋಡುವಂತಿರಲಿಲ್ಲ. ಅನುಮಾನ ಬಂದರೆ ಚೀಟಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ಸು ಕಳಿಸಬೇಕು. ಉತ್ತರ ಬಂದ ಮೇಲಷ್ಟೇ ಕೆಂಪು ಪೆನ್ನು. ಸಂಪಾದಕಿ ಮೂವತ್ತು ವರ್ಷದ ಹಿಂದೆ ಮಾಡಿದ ನಿಯಮ ಇದು, ಒಮ್ಮೆಯೂ ಸಡಿಲಾಗಿರಲಿಲ್ಲ.

ಹೊಸಬ ಬರೆಯುವವನು. ಅವಳು ತಿದ್ದುವವಳು. ಅವನದು ಮೂರು ತಿಂಗಳ ಪರೀಕ್ಷೆಯ ಅವಧಿ. ಅದು ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ.

ಎರಡನೇ ದಿನ ಬೆಳಿಗ್ಗೆ ಅವನ ಮೇಜಿನ ಮೇಲೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ಒದ್ದೆ ಸ್ಪಂಜು ಕೂತಿತ್ತು.

"ಇದು ಯಾಕೆ?" ಎಂದು ಅವನು ಬಟ್ಟಲನ್ನು ಎತ್ತಿ ಹಿಡಿದು ಇಡೀ ಕೋಣೆಯನ್ನು ಕೇಳಿದ.

"ಬೆರಳು ಅದಕ್ಕೆ ಒತ್ತೋಕೆ," ಎಂದಳು ಅವಳು ತಲೆ ಎತ್ತದೆ. "ನಾಲಿಗೆ ಊಟಕ್ಕಿರಲಿ."

"ಮಾತಿಗೆ ಬೇಡ್ವಾ?"

"ಕಮ್ಮಿ ಇದ್ರೆ ಒಳ್ಳೇದು."

ಅವನು ನಕ್ಕ. ಮುಂಗೋಪದವರನ್ನು ನೋಡಿ ನಗುವವರು ಎರಡು ತರ. ಮುಂದಿರುವವರನ್ನು ಚಿಕ್ಕವರನ್ನಾಗಿ ಮಾಡಲು ನಗುವವರು ಒಂದು ತರ, ಸಿಕ್ಕಿಬಿದ್ದೆನಲ್ಲ ಎಂದು ತಮ್ಮನ್ನೇ ನೋಡಿಕೊಂಡು ನಗುವವರು ಇನ್ನೊಂದು ತರ. ಅವನು ಎರಡನೆಯ ಜಾತಿಯವನಿರಬಹುದು ಎಂದು ಅವಳಿಗೆ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ಸಿಟ್ಟು ಬಂತು. ಅಂದಿನಿಂದ ಅವನು ಬೆರಳನ್ನು ಸ್ಪಂಜಿಗೇ ಒತ್ತಿದ. ಒತ್ತುವ ಮುಂಚೆ ಪ್ರತಿಸಲವೂ ಅವಳ ಕಡೆಗೊಂದು ನೋಟ ಹಾಯಿಸುತ್ತಿದ್ದ, ಒಳ್ಳೆಯ ಹುಡುಗನೋ ಅಲ್ಲವೋ ಹೇಳಿ ಎಂಬ ಹಾಗೆ. ಅವಳು ಮುಖ ಸಿಂಡರಿಸಿ ಕೆಲಸಕ್ಕೆ ತಿರುಗುತ್ತಿದ್ದಳು. ಸಿಂಡರಿಸಿದ ಮುಖದೊಳಗೆ ತುಟಿಯ ಒಂದು ತುದಿ ಮಾತ್ರ ಮಾತು ಕೇಳುತ್ತಿರಲಿಲ್ಲ.

ಐದನೇ ವಾರಕ್ಕೆ ಜಂಪ್ ದ ಗನ್ ಎಂಬ ನುಡಿಗಟ್ಟಿನ ಸರದಿ ಬಂತು.

ಓಟದ ಪಂದ್ಯದಲ್ಲಿ ಪಿಸ್ತೂಲಿನ ಸದ್ದಾಗುವ ಮೊದಲೇ ಓಡಿಬಿಡುವವನಿಂದ ಹುಟ್ಟಿದ ಮಾತದು. ಹೊಸಬ ಮೊದಲ ಚೀಟಿಯಲ್ಲಿ, ಬಸ್ಸು ತಪ್ಪಬಾರದೆಂದು ಒಬ್ಬ ಜಂಪ್ ದ ಗನ್ ಮಾಡಿ ಓಡಿದ ಎಂದು ಬರೆದಿದ್ದ. ಅವಳು ಪೆನ್ಸಿಲ್ಲಿನಲ್ಲಿ ಪ್ರಶ್ನೆ ಹಾಕಿ ಕಳಿಸಿದಳು. ಅವನು ಚೀಟಿ ಹಿಡಿದುಕೊಂಡು ಬಂದು ಅವಳ ಮೇಜಿಗೆ ಒರಗಿ ನಿಂತ.

"ಏನು ತಪ್ಪಿದೆ ಇದ್ರಲ್ಲಿ? ಆತುರ ಪಟ್ಟ, ಓಡಿದ."

"ಅದೇ ತಪ್ಪು. ಬಸ್ಸಿಗೆ ಓಡೋದು ಬರೀ ಆತುರ. ಎಷ್ಟು ಬೇಗ ಓಡಿದ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಹೊರಡೋ ಹೊತ್ತು ಆಗಿತ್ತಾ, ಸದ್ದು ಕೇಳ್ತಾ, ಅಷ್ಟೇ."

"ಹಾಗಾದ್ರೆ ಸರಿಯಾದ ವಾಕ್ಯ ಯಾವುದು?"

"ಬಸ್ಸು ಇನ್ನೂ ಬಂದೇ ಇಲ್ಲ. ಇವನು ಆಗಲೇ ಮನೆಗೆ ಫೋನ್ ಮಾಡಿ, ಹತ್ತಿ ಕೂತಿದೀನಿ, ಬಾಗಿಲು ತೆಗೆದಿಡಿ ಅಂದ. ಅದು ಜಂಪ್ ದ ಗನ್."

"ಅಂಥವರು ಇರ್ತಾರಾ?"

"ಇರ್ತಾರಾ ಅಂತೀರಾ!" ಎಂದಳು. ಅವಳ ದನಿ ಎಷ್ಟು ಕಹಿಯಾಗಿತ್ತೆಂದರೆ ಅವನು ಒರಗಿದ್ದನ್ನು ಬಿಟ್ಟು ನೆಟ್ಟಗೆ ನಿಂತ. "ಯಾರು?" ಎಂದು ಕೇಳಲಿಲ್ಲ. ಚೀಟಿಯನ್ನು ಜೇಬಿಗೆ ಹಾಕಿಕೊಂಡು, "ನಿಜವಾದದ್ದು ಸಿಗೋವರೆಗೆ ಕಾಯ್ತೀನಿ," ಎಂದು ಹೋದ. ಕೇಳದೆ ಹೋದದ್ದು ಅವಳಿಗೆ ಹಿಡಿಸಿತು.

ಅಂಥವನೊಬ್ಬ ಅವಳ ಬಾಳಿನಲ್ಲೇ ಇದ್ದ. ಗಡಿಯಾರದ ಅಂಗಡಿಯವನು, ಅಣ್ಣನ ಸ್ನೇಹಿತ. ಅವನ ಜೊತೆ ಅವಳು ಎರಡು ಸಲ ಕಾಫಿ ಕುಡಿದಿದ್ದಳು. ಎರಡನೇ ಕಾಫಿಯಾದ ನಾಲ್ಕನೇ ದಿನ ಗುರುತಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿ, "ಮೇಡಂ, ಮದುವೆ ಹಾಲ್‌ನಿಂದ ಮಾತಾಡ್ತಿರೋದು. ಕುರ್ಚಿಗೆ ಯಾವ ಬಣ್ಣದ ಬಟ್ಟೆ ಹೊದಿಸೋಣ?" ಎಂದಿದ್ದಳು. ಯಾರ ಮದುವೆ ಎಂದು ಕೇಳಿದರೆ, "ನಿಮ್ಮದೇ ಅಲ್ವಾ?" ಎಂದಳು. ಅವನು ದಿನಾಂಕ ಹಿಡಿದಿದ್ದ, ನೆಂಟರಿಗೆಲ್ಲ ಹೇಳಿದ್ದ, ಅವಳ ಅಣ್ಣನ ಕೈ ಕುಲುಕಿಯೂ ಆಗಿತ್ತು. ಅವಳನ್ನು ಕೇಳುವುದೊಂದು ಬಾಕಿಯಿತ್ತು. "ಇಲ್ಲ ಅಂತೀಯ ಅಂತ ಅಂದ್ಕೊಂಡೇ ಇರ್ಲಿಲ್ಲ," ಎಂದು ಆಮೇಲೆ ಅವನು ಹಲ್ಲು ಕಿರಿದಿದ್ದ. ಆ ಹಲ್ಲು ನೆನಪಾದರೆ ಅವಳಿಗೆ ಈಗಲೂ ಊಟ ಸೇರುತ್ತಿರಲಿಲ್ಲ. ಬೇಡ ಎಂದದ್ದಕ್ಕೆ ಅಣ್ಣ ಎರಡು ವರ್ಷ ಮಾತು ಬಿಟ್ಟ. ಅತ್ತಿಗೆ ಮಾತ್ರ ಕದ್ದು ಕದ್ದು ಫೋನ್ ಮಾಡಿ, "ನೀನು ಮಾಡಿದ್ದು ಸರಿ ಕಣೇ, ನಾನು ಹೇಳ್ದೆ ಅಂತ ಹೇಳ್ಬೇಡ," ಎನ್ನುತ್ತಿದ್ದಳು.

ಆಮೇಲೆ ಅವಳಿಗೆ ಬೇಕೆನಿಸಿದ್ದು ತುಂಬ ಸಣ್ಣದು. ಹೇಸಿಗೆ ಹುಟ್ಟಿಸದ ಒಬ್ಬ ಮನುಷ್ಯ. ಚೆಲುವ, ಜಾಣ, ಶ್ರೀಮಂತ, ಯಾವುದೂ ಬೇಡ. ಪಕ್ಕದಲ್ಲಿ ಕೂತರೆ ಕುರ್ಚಿಯನ್ನು ಆಚೆ ಎಳೆದುಕೊಳ್ಳಬೇಕೆನಿಸದವನು ಸಾಕಾಗಿತ್ತು. ಒಂಬತ್ತನೇ ವಾರದ ಹೊತ್ತಿಗೆ ಅವಳು ಒಂದು ವಿಷಯ ಗಮನಿಸಿ ಗಾಬರಿಯಾದಳು. ಹೊಸಬ ಬಂದು ಪಕ್ಕದಲ್ಲಿ ಕೂತಾಗ ಅವಳ ಕುರ್ಚಿ ಅಲ್ಲಾಡುತ್ತಿರಲಿಲ್ಲ.

ಹನ್ನೊಂದನೇ ವಾರದ ಮಂಗಳವಾರ ಸಂಜೆ ಇಬ್ಬರೂ ಬಸ್ ನಿಲ್ದಾಣದವರೆಗೆ ಜೊತೆಯಾಗಿ ನಡೆದರು. ಅವನು ಕೈಗಳನ್ನು ಹಿಂದೆ ಕಟ್ಟಿಕೊಂಡು, ಮೇಷ್ಟ್ರ ಹಾಗೆ ನಡೆಯುತ್ತಿದ್ದ. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದವನೇ.

"ನಿಮ್ಮನ್ನ ಏನೋ ಕೇಳ್ಬೇಕು," ಎಂದ.

ಅವಳ ಎದೆ ಒಂದು ಮೆಟ್ಟಿಲು ತಪ್ಪಿದಂತಾಯಿತು. "ಕೇಳಿ."

"ಇವತ್ತು ಬೇಡ. ಇನ್ನೂ ಹೊತ್ತಾಗಿಲ್ಲ."

"ಯಾರು ಹೇಳಿದ್ದು ಹೊತ್ತಾಗಿಲ್ಲ ಅಂತ?"

ಅವನು ಅವಳ ಮುಖವನ್ನು ನೋಡಿದ. ಹುಬ್ಬಿನಿಂದ ಶುರುಮಾಡಿ ನಿಧಾನಕ್ಕೆ ಕೆಳಗಿಳಿದು, ಗದ್ದದ ಹತ್ತಿರ ನಿಂತು, ಮತ್ತೆ ಕಣ್ಣಿಗೆ ಬಂದ. ಚೀಟಿ ಓದುವವರ ನೋಟ ಅದು, ತಪ್ಪು ಹುಡುಕದೆ ಓದುವವರದು. "ನಿಮ್ಮ ಹುಬ್ಬು ಹೇಳ್ತಿದೆ," ಎಂದ. ಬಸ್ಸು ಬಂತು. ಕಿಟಕಿಯ ಪಕ್ಕ ಕೂತು, ಗಾಜಿನಲ್ಲಿ ಕಂಡ ತನ್ನದೇ ನಗುಮುಖವನ್ನು ನೋಡಿ ಅವಳು ನಾಚಿ ಬ್ಯಾಗನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

ಮರುದಿನ ಮಧ್ಯಾಹ್ನ ಜಂಪ್ ದ ಗನ್ನಿನ ಹೊಸ ಚೀಟಿಗಳು ಬಂದವು.

ಮೊದಲನೆಯದರಲ್ಲಿ ಹೀಗಿತ್ತು: ಆಕೆ ಇನ್ನೂ ಹೂಂ ಅಂದಿಲ್ಲ, ಅವನು ಜಂಪ್ ದ ಗನ್ ಮಾಡಿ ಇಬ್ಬರು ಮಲಗುವ ಮಂಚ ತಂದಾಯಿತು. ಎರಡನೆಯದು: ಲೋಟವನ್ನು ಎರಡು ಸಲ ತೊಳೆಯದೆ ಮುಟ್ಟದ ಆಕೆಗೆಂದು ಅವನು ಜಂಪ್ ದ ಗನ್ ಮಾಡಿ ಹೊಸ ಲೋಟಗಳ ಸೆಟ್ಟನ್ನೇ ಕಪಾಟಿನಲ್ಲಿ ಜೋಡಿಸಿದ. ಮೂರನೆಯದು: ಆಕೆ ಮುಂದಿನ ತಿಂಗಳೇ ಬಂದು ಸೇರುತ್ತಾಳೆಂದು ಅವನು ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟ, ಜಂಪ್ ದ ಗನ್ ಅಂದರೆ ಇದೇ.

ಲೋಟವನ್ನು ಎರಡು ಸಲ ತೊಳೆಯುವವಳು ಆ ಆಫೀಸಿನಲ್ಲಿ ಒಬ್ಬಳೇ ಇದ್ದಳು. ಅವಳು ಚೀಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿದಳು. ಮಂಚ ಎಂಬ ಪದದ ಮೇಲೆ ಕಣ್ಣು ಹೋದಾಗಲೆಲ್ಲ ಚರ್ಮದ ಮೇಲೆ ಏನೋ ಹರಿದಾಡಿದಂತಾಯಿತು. ಮನಸ್ಸಿನಲ್ಲೇ ಮಂಚ ತಂದು, ಹಾಸಿ, ಅದನ್ನು ಆಫೀಸಿನ ಚೀಟಿಯ ಮೇಲೆ ಬರೆದು, ಓದಲಿ ಎಂದು ತನ್ನ ಕೈಗೇ ಕಳಿಸಿದ್ದಾನೆ! ನಿನ್ನೆ ಸಂಜೆಯ ಆ ನೋಟ, ಹುಬ್ಬಿನಿಂದ ಗದ್ದದವರೆಗೆ. ಥೂ, ಅದನ್ನು ನೆನೆದು ರಾತ್ರಿ ತಾನು ನಕ್ಕಿದ್ದೂ ಆಯಿತಲ್ಲ. ಅವಳಿಗೆ ಅವನ ಮೇಲೆ ಎಷ್ಟು ಹೇಸಿಗೆಯಾಯಿತೋ ತನ್ನ ಮೇಲೂ ಅಷ್ಟೇ ಆಯಿತು.

ಸರಿಯಾಗಿ ಆಗಲೇ ಪುಟ ಜೋಡಿಸುವಾತ ಹಲ್ಲುಕಡ್ಡಿ ಕಚ್ಚಿಕೊಂಡು ಬಂದ. "ಏನ್ ಛೀ ಮೇಡಂ, ನಿನ್ನೆ ಜೋಡಿಯಾಗಿ ಹೊರಟಿದ್ರಿ? ನಮಗೆ ಪಾರ್ಟಿ ಯಾವಾಗ?"

ಪಕ್ಕದವರಿಗೆಲ್ಲ ಹೇಳಿಯೂ ಆಗಿದೆ! ಅವಳು ಎದ್ದಳು. ಪೆನ್ಸಿಲ್ಲು ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಬಿಟ್ಟು, ಮೂರೂ ಚೀಟಿಗಳನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದುಕೊಂಡು ನೇರ ಸಂಪಾದಕಿಯ ಕೋಣೆಗೆ ನಡೆದಳು.

ಸಂಪಾದಕಿ ಮೂರನ್ನೂ ಎರಡೆರಡು ಸಲ ಓದಿದರು. ಎಪ್ಪತ್ತರ ಹೆಂಗಸು, ಕಡಿಮೆ ಮಾತು. "ಇದು ನಿನ್ನ ಬಗ್ಗೆಯೇ ಅಂತ ಖಾತ್ರಿಯಾ?"

"ಇನ್ಯಾರ ಬಗ್ಗೆ? ಆಫೀಸಿಗೆಲ್ಲ ಗೊತ್ತಾಗಿದೆ. ಇವನ ಪಕ್ಕ ಕೂತು ಕೆಲಸ ಮಾಡೋಕೆ ನನ್ನ ಕೈಲಾಗಲ್ಲ. ಒಂದೋ ಅವನು ಇರಲಿ, ಇಲ್ಲ ನಾನು."

ಹನ್ನೆರಡು ವರ್ಷ ದುಡಿದವಳು ಅವಳು, ಅವನು ಹನ್ನೊಂದು ವಾರದವನು. ಸಂಪಾದಕಿ ಅವನನ್ನು ಕರೆಸಿದರು. ಬಂದ. ಚೀಟಿಗಳನ್ನು ನೋಡಿದ, ಅವಳ ಮುಖ ನೋಡಿದ, ವಿಷಯ ಅರ್ಥವಾಯಿತು. ಅವನ ಕಿವಿಗಳು ಕೆಂಪಾದವು.

"ಏನು ಹೇಳ್ತೀರಿ?" ಎಂದರು ಸಂಪಾದಕಿ.

"ಇದು ಯಾರ ವಿಷಯ ಅಂತ ಎಲ್ಲರ ಮುಂದೆ ಹೇಳೋ ಹಕ್ಕು ನನಗಿಲ್ಲ," ಎಂದ. ಆಮೇಲೆ ಅವಳ ಕಡೆ ತಿರುಗಿ, "ಒಂದು ಪ್ರಶ್ನೆ ಹಾಕಬಹುದಿತ್ತಲ್ಲ. ಪೆನ್ಸಿಲ್ ಇತ್ತಲ್ಲ ನಿಮ್ಮ ಹತ್ರ," ಎಂದ.

ಅವಳು, "ನಿಮ್ಮನ್ನ ಪ್ರಶ್ನೆ ಕೇಳೋಕೂ ಅಸಹ್ಯ ಆಗುತ್ತೆ," ಎಂದಳು.

ಆ ಮಾತು ಅವನಿಗೆ ಕೆನ್ನೆಗೆ ಬಾರಿಸಿದಂತೆ ತಾಗಿತು. ತನ್ನ ಮೂಲದ ಪುಸ್ತಕವನ್ನು ತಂದು ಸಂಪಾದಕಿಯ ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಪುಟ ಜೋಡಿಸುವಾತ ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ. "ನಾನು ಸುಮ್ನೆ ತಮಾಷೆಗೆ ಅಂದಿದ್ದು ಮೇಡಂ, ಅವ್ನೇನೂ ಹೇಳಿರ್ಲಿಲ್ಲ," ಎಂದು ಗೊಣಗಿದ.

ಒಂದು ಗಂಟೆಯ ನಂತರ ಸಂಪಾದಕಿ ಅವಳನ್ನು ಮತ್ತೆ ಕರೆದರು. ಬಾಗಿಲು ಹಾಕಲು ಹೇಳಿದರು. ಮೂಲದ ಪುಸ್ತಕ ಅವರ ಮುಂದೆ ತೆರೆದಿತ್ತು.

"ನಿಯಮ ಮುರಿದು ಓದ್ತಿದೀನಿ, ಕೇಳು," ಎಂದರು. "ಮೂರೂ ಚೀಟಿ, ಮೂಲ: ನನ್ನ ಅಮ್ಮ. ವಯಸ್ಸು ಅರವತ್ತೊಂದು. ಅಪ್ಪ ಹೋಗಿ ಹತ್ತು ವರ್ಷ. ಕೆಳಗಿನ ಮನೆಯ ರಿಟೈರ್ಡ್ ರೈಲ್ವೆ ಗಾರ್ಡ್ ಅಂಕಲ್ ಅಮ್ಮನನ್ನು ಮದುವೆಯಾಗುವ ಆಸೆಯಲ್ಲಿದ್ದಾರೆ. ಅಮ್ಮ ಯೋಚಿಸಿ ಹೇಳುತ್ತೇನೆ ಅಂದಿದ್ದಕ್ಕೆ ಅಂಕಲ್ ಮಂಚ ತಂದಿದ್ದಾರೆ. ಮೂವತ್ತೈದು ವರ್ಷ ಹಸಿರು ಬಾವುಟ ಬೀಸದೆ ಒಂದು ರೈಲನ್ನೂ ಬಿಡದ ಮನುಷ್ಯ! ಅಮ್ಮ ನಾಚಿಕೆಯಲ್ಲಿ ಮನೆಯಿಂದ ಹೊರಗೆ ಬರುತ್ತಿಲ್ಲ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಹೆಸರಿಲ್ಲದ ಚೀಟಿ ತಾನೇ, ಪರವಾಗಿಲ್ಲ."

ಸಂಪಾದಕಿ ಪುಸ್ತಕ ಮುಚ್ಚಿದರು. "ಲೋಟ ಎರಡು ಸಲ ತೊಳೆಯೋದು ಲೋಕದಲ್ಲಿ ನೀನೊಬ್ಬಳೇ ಅಲ್ಲ. ಮೂವತ್ತು ವರ್ಷದಲ್ಲಿ ಪ್ರಶ್ನೆ ಹಾಕದೆ ಒಂದು ಚೀಟೀನೂ ಹೊಡೆದುಹಾಕಿರ್ಲಿಲ್ಲ ನಾವು. ಇವತ್ತು ಮನುಷ್ಯನನ್ನೇ ಹೊಡೆದುಹಾಕಿದ್ವಿ. ನಾನೂ ಸೇರಿದೀನಿ ಅದ್ರಲ್ಲಿ."

ಅವಳು ಬಚ್ಚಲಿಗೆ ಹೋಗಿ ಕೈ ತೊಳೆದಳು. ಇನ್ನೊಮ್ಮೆ ತೊಳೆದಳು. ಮೂರನೇ ಸಲ ಸೋಪು ಹಚ್ಚುವಾಗ, ತೊಳೆಯಬೇಕಾದದ್ದು ಕೈಯಲ್ಲ, ಒಳಗಿರುವ ಎಂಥದೋ ಎಂದು ತೋಚಿ ನಲ್ಲಿ ನಿಲ್ಲಿಸಿದಳು. ಹಾಲ್‌ನಿಂದ ಫೋನ್ ಮಾಡಿಸಿದ ಗಡಿಯಾರದವನಿಗೂ ತನಗೂ ಏನು ವ್ಯತ್ಯಾಸ? ಅವನು ಕೇಳದೆ ಹೂಂ ಎಂದು ತಿಳಿದ. ತಾನು ಕೇಳದೆ ಛೀ ಎಂದು ತಿಳಿದಳು. ಕನ್ನಡಿಯಲ್ಲಿ ಕಂಡ ಮುಖವನ್ನು ಅವಳಿಗೆ ನೋಡಲಾಗಲಿಲ್ಲ. ಇಡೀ ಊರನ್ನು ಮೂಗು ಮುರಿದು ನೋಡಿದ್ದ ಮುಖ ಅದು.

ಭಾನುವಾರ ಮಧ್ಯಾಹ್ನ ಅವನ ಮನೆ ಹುಡುಕಿಕೊಂಡು ಹೋದಳು. ಎರಡನೇ ಮಹಡಿ. ಅವನ ತಾಯಿ ಬಾಗಿಲು ತೆಗೆದು, ಒಳಗೆ ಕೂರಿಸಿ, ನೀರು ತರುವ ಮುಂಚೆ ಲೋಟವನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ತೊಳೆದರು. ಅವಳಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಕಿಟಕಿಯ ಬಳಿ ಮೀಸೆಯ ಮುದುಕರೊಬ್ಬರು ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಮಾತಾಡಲು ಅಪ್ಪಣೆ ಸಿಗದವರ ಹಾಗೆ ಕೂತಿದ್ದರು.

"ಇವರೇನಾ ತಿದ್ದೋರು?" ಎಂದು ಕೇಳಿದರು ಗಾರ್ಡ್ ಅಂಕಲ್.

"ನೀವು ಸುಮ್ನಿರಿ," ಎಂದರು ತಾಯಿ. ಅಂಕಲ್ ಸುಮ್ಮನಾದರು.

ಹೊಸಬ ಒಳಗಿನಿಂದ ಬಂದ. ಅವಳನ್ನು ಕಂಡು ಬಾಗಿಲಲ್ಲೇ ನಿಂತ. ತಾಯಿ, "ಅಂಗಡಿಗೆ ಹೋಗ್ಬೇಕಿತ್ತು," ಎಂದು ಅಂಕಲ್ಲನ್ನು ಎಬ್ಬಿಸಿಕೊಂಡು ಹೊರಟರು. ಭಾನುವಾರ ಯಾವ ಅಂಗಡಿ ಎಂದು ಅಂಕಲ್ ಕೇಳಿದ್ದು ಮೆಟ್ಟಿಲಿನಿಂದ ಕೇಳಿಸಿತು.

ಅವಳು ನೀರು ಕುಡಿಯಲಿಲ್ಲ. "ಕ್ಷಮಿಸಿ ಅಂತ ಕೇಳೋಕೆ ಬಂದೆ," ಎಂದಳು. "ನಿಮ್ಮ ಅಮ್ಮನ ವಿಷಯ ಸಂಪಾದಕಿಯನ್ನೂ ನನ್ನನ್ನೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಆಫೀಸಲ್ಲಿ ಎಲ್ಲರನ್ನೂ ನಿಲ್ಲಿಸಿ, ತಪ್ಪು ನಂದು ಅಂತ ಹೇಳಿದೀನಿ. ನಿಮ್ಮ ಕುರ್ಚಿ ಹಾಗೇ ಇದೆ, ವಾಪಸ್ ಬನ್ನಿ ಅಂತ ಸಂಪಾದಕಿ ಹೇಳಿ ಕಳಿಸಿದಾರೆ."

"ಫೋನ್ ಮಾಡಿದ್ರು ಅವ್ರು."

"ಬರ್ತೀರಾ?"

"ಗೊತ್ತಿಲ್ಲ." ಅವನು ಎದುರಿನ ಕುರ್ಚಿಯಲ್ಲಿ ಕೂತ. "ಒಂದು ನಿಜ ಹೇಳ್ಲಾ? ನಿಮಗೆ ನನ್ನ ಮೇಲೆ ಒಂದು ಮಧ್ಯಾಹ್ನ ಅಸಹ್ಯ ಆಯ್ತು. ನನಗೆ ನಿಮ್ಮ ಮೇಲೆ ನಾಲ್ಕು ದಿನದಿಂದ ಆಗ್ತಿದೆ. ನನ್ನ ಅಮ್ಮ ಹತ್ತು ವರ್ಷ ಆದ್ಮೇಲೆ ಒಂದ್ಸಲ ಮುಖ ತೊಳ್ಕೊಂಡು ಕನ್ನಡಿ ನೋಡ್ಕೊಂಡ್ಲು. ಅದನ್ನ ನೀವು ಎರಡು ಬೆರಳಲ್ಲಿ ಹಿಡ್ಕೊಂಡು ಹೋದ್ರಿ, ಸತ್ತ ಇಲೀನ ಹಿಡಿದ ಹಾಗೆ. ಆ ಬೆರಳು ಕಣ್ಣಿಂದ ಹೋಗ್ತಿಲ್ಲ."

ಅವಳು ತಲೆ ತಗ್ಗಿಸಲಿಲ್ಲ. ಕೇಳಬೇಕಾದದ್ದನ್ನು ಕೇಳಿಯೇ ಹೋಗಬೇಕೆಂದು ಬಂದಿದ್ದಳು. "ಮಂಗಳವಾರ ಏನೋ ಕೇಳ್ಬೇಕು ಅಂದಿದ್ರಲ್ಲ?"

"ಹೌದು. ಕೇಳದೇ ಇದ್ದದ್ದು ಒಳ್ಳೇದಾಯ್ತು."

ಆ ಮಾತಿಗೆ ಅವಳ ಕಣ್ಣು ತುಂಬಿತು. ಅಳುವುದು ಅವಳಿಗೆ ಹೇಸಿಗೆಯ ವಿಷಯ. ಮೂಗು ಸೋರುತ್ತದೆ. ಆದರೂ ಅತ್ತಳು. ಅವನು ಕರವಸ್ತ್ರ ಕೊಡಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎದ್ದೂ ಹೋಗಲಿಲ್ಲ. ಅವಳು ಮುಖವನ್ನು ಅಂಗೈಯಲ್ಲೇ ಒರೆಸಿಕೊಂಡು, "ಹಾಗಾದ್ರೆ ನಾನೇ ಕೇಳ್ತೀನಿ," ಎಂದಳು.

"ಇವತ್ತು ಕೇಳಬೇಡಿ. ಇವತ್ತು ಕೇಳಿದ್ರೆ ನಾನು ಬೇಡ ಅಂತೀನಿ. ಆಮೇಲೆ ನಂಗೇ ಬೇಜಾರಾಗುತ್ತೆ."

"ಮತ್ತೆ ಯಾವಾಗ?"

"ಹೋಗಬೇಕಲ್ಲ ಮೊದಲು, ಒಳಗಿರೋದು. ಹೋದ್ರೆ ಹೇಳ್ತೀನಿ. ಹೋಗದೇನೂ ಇರಬಹುದು."

"ಕಾಯ್ತೀನಿ," ಎಂದಳು. ಹಾಗೆಂದರೇನೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳು ಈವರೆಗೆ ಯಾವುದಕ್ಕೂ ಕಾದವಳಲ್ಲ, ಮೂಗಿಗೆ ವಾಸನೆ ಬಡಿದ ಕ್ಷಣವೇ ಎದ್ದು ಹೊರಟವಳು.

ಅವನು ಎರಡು ವಾರ ಬಿಟ್ಟು ಕೆಲಸಕ್ಕೆ ಬಂದ. ಬಂದ ಮೊದಲ ದಿನವೇ ಅವನ ಮೇಜಿನ ಮೇಲೆ ಒಂದು ಚೀಟಿ ಇತ್ತು, ಅವಳ ಅಕ್ಷರದಲ್ಲಿ. ಜಂಪ್ ದ ಗನ್ನಿಗೆ ಉದಾಹರಣೆ. ತನ್ನ ಅಮ್ಮನ ಚೀಟಿಗಳನ್ನು ಅವನು ವಾಪಸ್ಸು ಪಡೆದಿದ್ದರಿಂದ ಆ ಜಾಗ ಖಾಲಿಯಿತ್ತು. ನಾನು ಜಂಪ್ ದ ಗನ್ ಮಾಡಿದೆ, ಒಬ್ಬನನ್ನು ಒಂದೇ ಒಂದು ಪ್ರಶ್ನೆ ಕೇಳುವ ಮೊದಲೇ ಅವನನ್ನು ಹೊರಗೆ ಹಾಕಿಸಿದೆ, ಎಂದಿತ್ತು ಅದರಲ್ಲಿ. ಅವಳು ಬರೆದದ್ದನ್ನು ಅವನು ತಿದ್ದಬೇಕು. ಹತ್ತು ನಿಮಿಷ ನೋಡಿದ. ಕೊನೆಗೆ, "ಬಳಕೆ ಸರಿ ಇದೆ," ಎಂದು ಕೋಣೆಗೆಲ್ಲ ಕೇಳುವ ಹಾಗೆ ಹೇಳಿ ಡಬ್ಬಿಗೆ ಹಾಕಿದ. ಇಬ್ಬರ ನಡುವೆ ಅಂದು ಅಷ್ಟೇ ಮಾತು.

ಕಾಯುವುದು ಇಷ್ಟು ಅಸಹ್ಯದ ಕೆಲಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವನು ಬಾಗಿಲು ತಳ್ಳಿಕೊಂಡು ಬಂದಾಗ ಎದೆ ಹಾರುತ್ತದೆ. ಅವನು "ನಮಸ್ಕಾರ" ಎಂದು ಕೂತುಬಿಡುತ್ತಾನೆ. ಕೆಮ್ಮಿದರೆ ಈಗ ಹೇಳುತ್ತಾನೇನೋ ಎಂದು ಪೆನ್ನು ನಿಲ್ಲುತ್ತದೆ. ಅವನು ಕೆಮ್ಮಿದ್ದು ಬರೀ ಕೆಮ್ಮಲು. ಮೂವತ್ತೆರಡರ ಹೆಂಗಸು ಒಬ್ಬ ಗಂಡಸಿನ ಕೆಮ್ಮಿಗೆ ಕಿವಿಗೊಟ್ಟು ಕೂರುವುದೇ! ಅತ್ತಿಗೆ ಫೋನಿನಲ್ಲಿ, "ನೀನೇ ಹೋಗಿ ಹೇಳ್ಬಿಡೇ, ಎಷ್ಟು ದಿನ ಅಂತ," ಎಂದಳು. "ಇಲ್ಲ ಅತ್ತಿಗೆ, ಹೊರಡೋದು ಯಾವಾಗ ಅಂತ ಹೇಳೋದು ಈ ಸಲ ಅವನ ಕೈಲಿದೆ," ಎಂದಳು ಇವಳು. ಅತ್ತಿಗೆಗೆ ಏನೂ ಅರ್ಥವಾಗಲಿಲ್ಲ. "ನಿನ್ನ ಮಾತು ಕೇಳಿದ್ರೆ ತಲೆ ಕೆಡುತ್ತೆ," ಎಂದು ಫೋನ್ ಇಟ್ಟಳು.

ಒಂದು ದಿನ ಅವನಿಗೆ ಜ್ವರ. ಮೂಗು ಸೀಟಿಕೊಂಡ ಕಾಗದದ ಉಂಡೆಗಳು ಮೇಜಿನ ತುಂಬ. ಪುಟ ಜೋಡಿಸುವಾತ ಕೂಡ ಎದ್ದು ದೂರ ಹೋದ. ಅವಳು ಬಂದು, ಆ ಉಂಡೆಗಳನ್ನು ಇಡೀ ಕೈಯಲ್ಲಿ ಬಾಚಿ ಬುಟ್ಟಿಗೆ ಹಾಕಿದಳು. ಎರಡು ಬೆರಳಿನ ತುದಿಯಲ್ಲಿ ಹಿಡಿಯಲಿಲ್ಲ. ಹೇಸಿಗೆಯಾಗಲಿಲ್ಲವೆಂದಲ್ಲ, ಸುಳ್ಳೇಕೆ ಹೇಳಬೇಕು. ಆದರೂ ಕೊನೆಯ ಉಂಡೆಯವರೆಗೆ ಬಾಚಿ, ಆಮೇಲೆ ಹೋಗಿ ಕೈ ತೊಳೆದಳು. ಅವನು ಕೆಂಪು ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಅವನು ಏನಾದರೂ ಹೇಳಲಿ ಎಂದು ಅವಳು ಅದನ್ನು ಮಾಡಿರಲಿಲ್ಲ.

ಆ ತಿಂಗಳು ಅವನ ತಾಯಿ ಗಾರ್ಡ್ ಅಂಕಲ್ಲಿಗೆ ಹೂಂ ಅಂದರಂತೆ. ಮಂಚ ಮಾತ್ರ ವಾಪಸ್ಸು ಕೊಟ್ಟು ತಾವೇ ಬೇರೆ ಆರಿಸಿ ತಂದರಂತೆ. ಹೊಸಬ ಅದನ್ನು ಸಂಪಾದಕಿಗೆ ಹೇಳುತ್ತಿದ್ದಾಗ ಅವಳು ಪಕ್ಕದಲ್ಲೇ ಇದ್ದಳು. ಹೇಳುತ್ತಾ ಹೇಳುತ್ತಾ ಅವನು ಅವಳ ಕಡೆಗೂ ತಿರುಗಿ ಮಾತು ಮುಗಿಸಿದ. ಎಷ್ಟೋ ವಾರದ ಮೇಲೆ ಅವನು ಹಾಗೆ ತಿರುಗಿದ್ದು. ಅವಳು ಅದನ್ನು ಮನೆಗೆ ಒಯ್ದು ಎರಡು ದಿನ ಇಟ್ಟುಕೊಂಡಳು.

ಅದಾಗಿ ಇನ್ನೂ ಮೂರು ವಾರ ಕಳೆದವು. ಒಂದು ಶುಕ್ರವಾರ ಮಧ್ಯಾಹ್ನ ಲಿಫ್ಟ್ ಕೆಟ್ಟಿತ್ತು. ಅವಳು ಪ್ರೂಫಿನ ಕಟ್ಟನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಅವನು ಕೆಳಗಿನಿಂದ ಹತ್ತಿ ಬರುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಎದುರಾದರು. ದಾರಿ ಬಿಡಲು ಅವಳು ಗೋಡೆಗೆ ಸರಿದಳು. ಅವನು ಮುಂದೆ ಹೋಗಲಿಲ್ಲ.

ಅವಳ ಹುಬ್ಬಿನಿಂದ ಶುರುಮಾಡಿ ಗದ್ದದವರೆಗೆ ನೋಡಿ, ಮತ್ತೆ ಕಣ್ಣಿಗೆ ಬಂದ. ಮೆಟ್ಟಿಲು ಹತ್ತಿದ ದಣಿವಿನಿಂದ ಉಸಿರು ಜೋರಾಗಿತ್ತು. "ಈಗ ಕೇಳಿ," ಎಂದ.

ಇಷ್ಟು ವಾರ ಅವಳು ಅದನ್ನು ಎಷ್ಟು ತರದಲ್ಲಿ ಜೋಡಿಸಿ ಇಟ್ಟುಕೊಂಡಿದ್ದಳೋ! ಒಂದೂ ಬಾಯಿಗೆ ಬರಲಿಲ್ಲ. "ನನ್ನ ಮೇಲೆ ಇನ್ನೂ ಅಸಹ್ಯ ಇದೆಯಾ?" ಎಂದು ಕೇಳಿದಳು.

"ಸ್ವಲ್ಪ ಇದೆ," ಎಂದ ಅವನು, ಪ್ರಾಮಾಣಿಕವಾಗಿ.

"ಎಷ್ಟು?"

"ಮದುವೆ ಆಗೋಕೆ ಅಡ್ಡಿ ಇಲ್ಲದಷ್ಟು."

ಅವಳ ಮೈ ಬಿಸಿಯಾಯಿತು. ಪ್ರೂಫಿನ ಕಟ್ಟನ್ನು ಮೆಟ್ಟಿಲ ಮೇಲೆ ಇಳಿಸಿ, ಎರಡು ಕೈಯನ್ನೂ ಖಾಲಿ ಮಾಡಿಕೊಂಡು ನಿಂತಳು. "ಅದನ್ನ ನಾನಿನ್ನೂ ಕೇಳಿಲ್ಲ," ಎಂದಳು.

ಅವನು ನಾಲಿಗೆ ಕಚ್ಚಿಕೊಂಡ. ಕಿವಿಗಳು ಕೆಂಪಾದವು. ಒಂದು ಮೆಟ್ಟಿಲು ಕೆಳಗಿಳಿದು, ಬಾಯಿ ಮುಚ್ಚಿಕೊಂಡು, ಕೈಗಳನ್ನು ಹಿಂದೆ ಕಟ್ಟಿಕೊಂಡು ಕಾದ.

ಅವಳು ಕೇಳಿದಳು.